ಭೌತಚಿಕಿತ್ಸೆಯ ವಿದ್ಯೆಯೂ ನಮ್ಮ ನುಡಿಯೂ

ವಿಜ್ಞಾನ ವಿಭಾಗವನ್ನು ಸೇರಿದ ಮಗನೋ ಮಗಳೋ ವೈದ್ಯರೇ ಆಗಬೇಕೆಂಬ ಹಂಬಲ ನಮ್ಮ ಮನೆಗಳಲ್ಲಿ ಬೇರೂರಿದೆ. ಎಂ.ಬಿ.ಬಿ.ಎಸ್. ಸೀಟು ಕೈತಪ್ಪಿ ವಿದ್ಯಾರ್ಥಿಯು ಫಿಸಿಯೋಥೆರಪಿಗೆ ಸೇರಿದರೆ, ಬೇರೆ ಗತಿಯಿಲ್ಲದೆ ಸೇರಿದನೆಂದು ಬಂಧುಗಳು ಮರುಗುವುದುಂಟು. ಕನ್ನಡದಲ್ಲಿ ಭೌತಚಿಕಿತ್ಸೆಯೆನಿಸಿಕೊಂಡ ಈ ವಿದ್ಯೆ ಅಂತಹ ಮರುಕಕ್ಕೆ ಪಾತ್ರವಾದುದಲ್ಲ. ಅಷ್ಟೇ ಅಲ್ಲ, ಅದನ್ನು ಅರಸಿ ಹೊರಟವನಿಗೆ ವಿಜ್ಞಾನದಷ್ಟೇ ಭಾಷೆಯೂ ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡ ಪಂಡಿತನಿಗೆ ಕೀಲು-ಸ್ನಾಯುಗಳ ಗೊಡವೆ ಏಕೆಂದು ಕೇಳುವವರಿಗೆ ಮುಂದಿನ ಮಾತುಗಳೇ ಉತ್ತರ.

ಈ ವಿದ್ಯೆ ನಿನ್ನೆ ಮೊನ್ನೆ ಹುಟ್ಟಿದುದಲ್ಲ. ಪೇರ್ ಹೆನ್ರಿಕ್ ಲಿಂಗ್ ಎಂಬಾತನು 1813ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಅಂಗಸಾಧನೆಯ ಸಂಸ್ಥೆಯೊಂದನ್ನು ಸ್ಥಾಪಿಸಿದನು. 1894ರಲ್ಲಿ ಇಂಗ್ಲೆಂಡಿನ ನಾಲ್ವರು ದಾದಿಯರು ಅಂಗಮರ್ದನ ವೃತ್ತಿಗೆ ಶಿಸ್ತನ್ನು ತರಲು ಸಂಘ ಕಟ್ಟಿದರು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡ ಯೋಧರ ಆರೈಕೆಯಿಂದ ಈ ಚಿಕಿತ್ಸೆಗೆ ಮನ್ನಣೆ ಬೆಳೆಯಿತು. ನಮ್ಮ ದೇಶದಲ್ಲಿ ಭೌತಚಿಕಿತ್ಸಕರ ಸಂಘ 1955ರಲ್ಲಿ ರೂಪುಗೊಂಡಿತು. ಅಂದು ಪೋಲಿಯೋ ಪೀಡಿತ ಮಕ್ಕಳ ಶುಶ್ರೂಷೆ ಅದರ ದೊಡ್ಡ ಹೊಣೆಯಾಗಿತ್ತು. 2014ರಲ್ಲಿ ಭಾರತವು ಪೋಲಿಯೋಮುಕ್ತವೆಂದು ದೃಢಪಟ್ಟರೂ ಕೆಲಸ ಕಡಿಮೆಯಾಗಲಿಲ್ಲ; ಪಾರ್ಶ್ವವಾಯು, ರಸ್ತೆ ಅಪಘಾತ, ಮಂಡಿಯ ಸವೆತ ಇವು ಅದರ ಬಾಗಿಲಲ್ಲಿ ನಿಂತಿವೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯೊಂದು ಭೌತಚಿಕಿತ್ಸೆಯೂ ಸೇರಿದಂತೆ ಹಲವು ಆರೋಗ್ಯವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗವನ್ನು ವಿಧಿಸಿತು.

ಇದರ ವ್ಯಾಸಂಗವೂ ಸುಲಭವಲ್ಲ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿದವರು ಪದವಿ ತರಗತಿಗೆ ಸೇರಿ ನಾಲ್ಕು ವರ್ಷ ಕಲಿಯಬೇಕು. ಬಳಿಕ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮುಗಿಸಬೇಕು. ಅಂಗರಚನೆ, ಶರೀರಕ್ರಿಯೆ, ವ್ಯಾಯಾಮ ಚಿಕಿತ್ಸೆ, ವಿದ್ಯುತ್ ಚಿಕಿತ್ಸೆಗಳ ಜೊತೆಗೆ ದೇಹದ ಚಲನೆಯ ಯಂತ್ರಶಾಸ್ತ್ರವೂ ಅಲ್ಲಿದೆ. ಬಲಸೊಂಟ ನೋಯುವವರು ಊರುಗೋಲನ್ನು ಎಡಗೈಯಲ್ಲಿ ಹಿಡಿಯಬೇಕೆಂಬುದು ಸಾಮಾನ್ಯರಿಗೆ ವಿಪರೀತವಾಗಿ ತೋರುತ್ತದೆ. ಹಾಗೆ ಹಿಡಿದರೆ ಸೊಂಟದ ಕೀಲಿನ ಮೇಲಣ ಭಾರ ಇಳಿಯುತ್ತದೆಂಬುದನ್ನು ಪ್ರೌಢಶಾಲೆಯಲ್ಲಿ ಕಲಿಸುವ ಸನ್ನೆಯ ನಿಯಮವೇ ತಿಳಿಸಿಕೊಡುತ್ತದೆ.

ಇನ್ನು ಭಾಷೆಯ ಮಾತು. ಗುಳಿಗೆಯನ್ನು ನುಂಗಿದರೆ ಅದು ತನ್ನ ಕೆಲಸವನ್ನು ತಾನೇ ಮಾಡುತ್ತದೆ. ಭೌತಚಿಕಿತ್ಸಕನು ಕೊಡುವ ಔಷಧಿಯಾದರೋ ಬಹುಮಟ್ಟಿಗೆ ವ್ಯಾಯಾಮ. ರೋಗಿಯು ಅದನ್ನು ತನ್ನ ಮನೆಯಲ್ಲಿ, ಚಿಕಿತ್ಸಕನಿಲ್ಲದ ಹೊತ್ತಿನಲ್ಲಿ, ವಾರಗಟ್ಟಲೆ ತಾನೇ ಮಾಡಬೇಕು. ಹೇಳಿದ್ದು ಅರ್ಥವಾಗದಿದ್ದರೆ ಚಿಕಿತ್ಸೆ ಅಲ್ಲಿಗೇ ನಿಂತಿತು. ಹಳ್ಳಿಯ ವೃದ್ಧೆಗೆ ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಒಪ್ಪಿಸಿ ಪ್ರಯೋಜನವೇನು? “ಅಜ್ಜಿ, ಕಾಲು ನೀಡಿ ಕುಳಿತುಕೊಳ್ಳಿ, ಮಂಡಿಯ ಕೆಳಗೆ ಟವಲಿನ ಸುರುಳಿ ಇಟ್ಟು, ಮಂಡಿಯನ್ನು ಕೆಳಕ್ಕೆ ಅದುಮಿ, ಐದು ಎಣಿಸುವವರೆಗೆ ಹಿಡಿಯಿರಿ” ಎಂದರೆ ಆಕೆ ಮಾಡಿಯಾಳು.

ಹೇಳುವುದಕ್ಕಿಂತ ಕೇಳುವುದು ಇನ್ನೂ ಕಠಿಣ. ನಮ್ಮ ಜನ ನೋವನ್ನು ಒಂದೇ ಶಬ್ದದಲ್ಲಿ ಹೇಳುವುದಿಲ್ಲ. ಉಳುಕು ಬೇರೆ, ಸೆಳೆತ ಬೇರೆ, ಚಳುಕು ಬೇರೆ, ಜೋಮು ಬೇರೆ. ಹೊರಳಿದ ಪಾದವನ್ನು ಉಳುಕೆನ್ನುವವನೇ ಸೊಂಟದಿಂದ ಕಾಲಿಗಿಳಿದ ಜೋಮನ್ನು ಬೇರೆಯಾಗಿ ಹೇಳುತ್ತಾನೆ. ಅದು ನರದ ಕಡೆಗೆ ಬೆರಳು ತೋರುವ ಸುಳಿವಾಗಬಹುದು. ಈ ಭೇದವನ್ನರಿಯದವನು ಎಲ್ಲವನ್ನೂ ‘ನೋವು’ ಎಂದು ಬರೆದುಕೊಂಡು ರೋಗಿಯೇ ಕೈಯಾರೆ ಕೊಟ್ಟ ಸುಳಿವನ್ನು ಕಳೆದುಕೊಳ್ಳುತ್ತಾನೆ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿಜ್ಞಾಪನೆಯಿದು: ವಿಜ್ಞಾನದ ವಿದ್ಯಾರ್ಥಿಗೆ ಕನ್ನಡವು ಅಂಕ ಗಳಿಕೆಯ ವಿಷಯ ಮಾತ್ರವೆಂದು ಹೇಳದಿರೋಣ. ಒಂದು ಕೆಲಸವನ್ನು ಹಂತಹಂತವಾಗಿ ವಿವರಿಸುವ ಪ್ರಬಂಧವನ್ನು ಅವನಿಂದ ಬರೆಯಿಸೋಣ. ಈ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬಂದು ಮಕ್ಕಳೊಡನೆ ಮಾತನಾಡಲಿ. ದಾನಿಗಳು ವೈದ್ಯ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನೀಡುವ ವಿದ್ಯಾರ್ಥಿವೇತನದಲ್ಲಿ ಒಂದು ಪಾಲನ್ನು ಈ ವ್ಯಾಸಂಗಕ್ಕೂ ಮೀಸಲಿಡಲಿ. ಹಾಸಿಗೆ ಹಿಡಿದವನು ಮತ್ತೆ ತನ್ನ ಕಾಲಮೇಲೆ ನಿಂತು ಹೊಲದ ಬದುವಿನವರೆಗೆ ನಡೆದರೆ ಇಡೀ ಒಂದು ಸಂಸಾರ ಚೇತರಿಸಿಕೊಳ್ಳುತ್ತದೆ. ಅಂತಹ ವಿದ್ಯೆಯನ್ನು ಆರಿಸಿಕೊಂಡ ಮಗುವಿಗೆ ನಮ್ಮಿಂದ ಸಲ್ಲಬೇಕಾದುದು ಅನುಕಂಪವಲ್ಲ, ಆಶೀರ್ವಾದ.