ಬಾಯಿ ಹುಣ್ಣು ‘ಹೀಟ್’ ಅಂತ ಸುಮ್ಮನಾಗುವ ಮುನ್ನ: ಓರಲ್ ಸೆಕ್ಸ್‌ನಿಂದಲೂ ಹರಡುತ್ತೆ ಸೋಂಕು

ಬಾಯಲ್ಲಿ ಹುಣ್ಣಾದರೆ ಊರ ಕಡೆ ಮೊದಲು ಬರುವ ಮಾತು ‘ಹೀಟ್ ಆಗಿದೆ’. ಮಜ್ಜಿಗೆ ಕುಡಿ, ಬಿ-ಕಾಂಪ್ಲೆಕ್ಸ್ ಮಾತ್ರೆ ತಗೋ ಅಂತ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಎಷ್ಟೋ ಸಲ ಅದು ಸಾಮಾನ್ಯ ಹುಣ್ಣೇ ಆಗಿರುತ್ತೆ. ಆದರೆ ತುಟಿ ಅಥವಾ ನಾಲಿಗೆ ಮೇಲೆ ನೋವೇ ಇಲ್ಲದ ಗಟ್ಟಿ ಹುಣ್ಣು ಕಾಣಿಸಿಕೊಂಡರೆ ಅದು ಸಿಫಿಲಿಸ್ ಆಗಿರಲೂಬಹುದು. ಓರಲ್ ಸೆಕ್ಸ್, ಅಂದರೆ ಬಾಯಿಯ ಮೂಲಕ ನಡೆಯುವ ಲೈಂಗಿಕ ಸಂಪರ್ಕ, ಈ ಸೋಂಕು ಬರುವ ಒಂದು ದಾರಿ.

‘ಅದರಿಂದ ಗರ್ಭ ನಿಲ್ಲಲ್ಲ, ಎಚ್‌ಐವಿ ಬರಲ್ಲ, ಹಾಗಾಗಿ ಸೇಫ್’ ಎಂಬ ನಂಬಿಕೆ ಹಲವರಲ್ಲಿದೆ. ಇದು ಅರ್ಧ ಸತ್ಯ. ಎಚ್‌ಐವಿ ಅಪಾಯ ತೀರಾ ಕಡಿಮೆ, ನಿಜ. ಆದರೆ ಸಿಫಿಲಿಸ್, ಹರ್ಪಿಸ್, ಎಚ್‌ಪಿವಿ, ಗೊನೊರಿಯಾ ಈ ದಾರಿಯಲ್ಲೂ ಹರಡುತ್ತವೆ. ಎಚ್‌ಪಿವಿಯ ಕೆಲವು ತಳಿಗಳು ವರ್ಷಗಳ ನಂತರ ಗಂಟಲು ಕ್ಯಾನ್ಸರ್‌ಗೂ ಕಾರಣವಾಗಬಲ್ಲವು.

ಸಮಸ್ಯೆ ಇರುವುದು ಸೋಂಕು ಪತ್ತೆಯಾಗದೇ ಉಳಿಯುವುದರಲ್ಲಿ. ಗಂಟಲಿನ ಗೊನೊರಿಯಾ ಬಹುತೇಕರಲ್ಲಿ ಯಾವ ಲಕ್ಷಣವನ್ನೂ ತೋರಿಸಲ್ಲ. ಮೂತ್ರ ಪರೀಕ್ಷೆಯಲ್ಲೂ ಸಿಗಲ್ಲ, ಗಂಟಲಿನಿಂದಲೇ ಮಾದರಿ ತೆಗೆಯಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಲೈಂಗಿಕ ಸೋಂಕಿನ ಚಿಕಿತ್ಸೆ ಮುಖ್ಯವಾಗಿ ರೋಗಲಕ್ಷಣ ನೋಡಿ ಬಣ್ಣದ ಔಷಧ ಕಿಟ್ ಕೊಡುವ ಪದ್ಧತಿಯ ಮೇಲೆ ನಿಂತಿದೆ. ಲಕ್ಷಣವೇ ಇಲ್ಲದವರು ಇಲ್ಲಿ ತಪ್ಪಿಸಿಕೊಂಡುಬಿಡುತ್ತಾರೆ. ರೋಗಿ ಬಾಯಿಬಿಟ್ಟು ಹೇಳದಿದ್ದರೆ, ವೈದ್ಯರೂ ಕೇಳದಿದ್ದರೆ ಗಂಟಲಿನ ಕಡೆ ಯಾರ ಗಮನವೂ ಹೋಗಲ್ಲ.

ಸಿಫಿಲಿಸ್ ಇನ್ನೂ ಮೋಸದ ಕಾಯಿಲೆ. ಮೊದಲ ಹುಣ್ಣು ಮೂರರಿಂದ ಆರು ವಾರದಲ್ಲಿ ತಾನಾಗಿಯೇ ಮಾಯುತ್ತೆ. ಆದರೆ ರೋಗಾಣು ದೇಹದಲ್ಲೇ ಉಳಿಯುತ್ತೆ. ಗಂಡನಿಂದ ಹೆಂಡತಿಗೆ, ಆಕೆ ಗರ್ಭಿಣಿಯಾದರೆ ಹೊಟ್ಟೆಯಲ್ಲಿರುವ ಮಗುವಿಗೂ ದಾಟಬಹುದು. ಗರ್ಭಪಾತಕ್ಕೆ, ಹೆರಿಗೆಗೆ ಮೊದಲೇ ಮಗು ಸಾಯುವುದಕ್ಕೆ ಇದೂ ಒಂದು ಕಾರಣ. ವಿಪರ್ಯಾಸವೆಂದರೆ, ಆರಂಭದಲ್ಲೇ ಗೊತ್ತಾದರೆ ಹಳೆಯ, ಅಗ್ಗದ ಪೆನ್ಸಿಲಿನ್ ಇಂಜೆಕ್ಷನ್ ಒಂದೇ ಡೋಸ್‌ನಲ್ಲಿ ಗುಣಪಡಿಸುತ್ತೆ.

ಆಸ್ಪತ್ರೆಗೆ ಹೋಗಲು ನಾಚಿ ಬಸ್ ಸ್ಟ್ಯಾಂಡ್ ಗೋಡೆಯ ‘ಗುಪ್ತರೋಗ’ ಪೋಸ್ಟರ್ ನಂಬುವವರಿದ್ದಾರೆ. ಮೆಡಿಕಲ್ ಶಾಪ್‌ನಲ್ಲಿ ಎರಡು ಮಾತ್ರೆ ಕೇಳಿ ಪಡೆಯುವವರೂ ಇದ್ದಾರೆ. ಹೀಗೆ ಅರೆಬರೆ ಔಷಧಿ ನುಂಗುವುದರಿಂದ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತೆ. ಗೊನೊರಿಯಾಕ್ಕೆ ಹಿಂದೆ ಕೊಡುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್ ಈಗ ಬಹುತೇಕ ಕಡೆ ಕೆಲಸ ಮಾಡುತ್ತಿಲ್ಲ.

ಜಿಲ್ಲಾಸ್ಪತ್ರೆಗಳ ‘ಸುರಕ್ಷಾ’ ಕ್ಲಿನಿಕ್‌ಗಳಲ್ಲಿ ತಪಾಸಣೆ, ಚಿಕಿತ್ಸೆ ಉಚಿತ. ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆಯೂ ಉಚಿತ. ಒಬ್ಬರ ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವುದನ್ನು 2017ರ ಕಾಯ್ದೆ ನಿರ್ಬಂಧಿಸಿದೆ. ಮಾಹಿತಿಗೆ 1097 ಟೋಲ್ ಫ್ರೀ ಸಹಾಯವಾಣಿ ಇದೆ. ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುತ್ತೆ, ಪೂರ್ತಿ ಇಲ್ಲವಾಗಿಸಲ್ಲ. ಬಾಯಲ್ಲಾಗಲಿ, ಗುಪ್ತಾಂಗದಲ್ಲಾಗಲಿ ಹುಣ್ಣಿದ್ದಾಗ ಸಂಪರ್ಕ ಬೇಡವೇ ಬೇಡ. ಸೋಂಕು ಖಚಿತವಾದರೆ ಸಂಗಾತಿಗೂ ಪರೀಕ್ಷೆ, ಚಿಕಿತ್ಸೆ ಆಗಲೇಬೇಕು. ಇಲ್ಲದಿದ್ದರೆ ಒಬ್ಬರಿಗೆ ವಾಸಿಯಾದದ್ದು ಇನ್ನೊಬ್ಬರಿಂದ ಮರಳಿ ಬರುತ್ತೆ.

ವೈದ್ಯರ ಮುಂದೆ ಕೂತಾಗ ‘ಬಾಯಿ ಮೂಲಕವೂ ಸಂಪರ್ಕವಾಗಿತ್ತು’ ಅನ್ನೋ ಒಂದು ಮಾತು ಹೇಳಿದರೆ ಸಾಕು. ಯಾವ ಪರೀಕ್ಷೆ ಬೇಕು ಅನ್ನೋದು ಆ ಮಾತಿನಿಂದಲೇ ತೀರ್ಮಾನವಾಗುತ್ತೆ.