ಒಂದೇ ಸ್ಯಾಕ್ಸೋಫೋನು, ಇಡೀ ಮೇಳದ ಸದ್ದು



ಸ್ಯಾಕ್ಸೋಫೋನ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಕದ್ರಿ ಗೋಪಾಲನಾಥರು (1949–2019). ಬ್ಯಾಂಡಿನ ವಾದ್ಯವೆನಿಸಿದ್ದನ್ನು ಅವರು ಕರ್ನಾಟಕ ಸಂಗೀತದ ಕಛೇರಿಯಲ್ಲಿ ತಂದು ಕೂರಿಸಿದರು. ಇದೇ ವಾದ್ಯ 1940ರ ದಶಕದಲ್ಲಿ ಅಮೆರಿಕದ ಕಪ್ಪು ಜನರ ಕೈಯಲ್ಲಿ ಬೇರೆಯೇ ದನಿ ತೆಗೆಯಿತು. ಅದಕ್ಕೆ ‘ರಿದಮ್ ಅಂಡ್ ಬ್ಲೂಸ್’ ಎಂದು ಹೆಸರು. ಕುಣಿತದ ಗದ್ದಲ ನಮಗೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಇರಲಿ, ಅದರ ಹಿಂದೆ ವ್ಯಾಪಾರಸ್ಥರು ತಿಳಿಯಬೇಕಾದ ಲೆಕ್ಕವೊಂದಿದೆ.

ಅದಕ್ಕೂ ಮೊದಲು ಅಲ್ಲಿ ಹದಿನೈದು ಹದಿನಾರು ಜನರ ದೊಡ್ಡ ಮೇಳಗಳದೇ ಕಾಲ. ಮಹಾಯುದ್ಧ ಬಂತು, ಪೆಟ್ರೋಲು ಟೈರುಗಳಿಗೆ ರೇಷನ್ ಆಯಿತು. 1944ರಲ್ಲಿ ಕುಣಿತದ ಹೋಟೆಲುಗಳ ಮೇಲೆ ಸರಕಾರ ನೂರಕ್ಕೆ 30ರಂತೆ ತೆರಿಗೆ ಹಾಕಿ, ಅದೇ ವರ್ಷ 20ಕ್ಕೆ ಇಳಿಸಿತು. ಅಷ್ಟು ಜನರಿಗೆ ಪಗಾರ ಕೊಡುವುದು ಕಷ್ಟವಾಯಿತು. ಆರೇಳು ಜನರ ಸಣ್ಣ ಮೇಳಗಳು ಮುಂದೆ ಬಂದವು. ಲೂಯಿ ಜೋರ್ಡನ್ ತಾನೇ ಹಾಡಿ ತಾನೇ ಸ್ಯಾಕ್ಸೋಫೋನ್ ಊದುತ್ತಿದ್ದ. 1946ರ ಅವನ ‘ಚೂ ಚೂ ಚ್‌ಬೂಗಿ’ ಪ್ಲೇಟು 18 ವಾರ ಮೊದಲ ಸ್ಥಾನ ಬಿಡಲಿಲ್ಲ.

ಹತ್ತು ಜನ ಊದುವ ಜಾಗದಲ್ಲಿ ಒಬ್ಬನೋ ಇಬ್ಬರೋ ಉಳಿದರೆ ಏನು ಮಾಡಬೇಕು? ಪ್ರಾಣ ಬಿಟ್ಟು ಊದಬೇಕು! ಸ್ಯಾಕ್ಸೋಫೋನಿನ ಬಾಯಲ್ಲಿರುವುದು ಜೊಂಡಿನ ತೆಳು ಪಟ್ಟಿ. ಊದುತ್ತಲೇ ಗಂಟಲಲ್ಲಿ ಗುರುಗುಟ್ಟಿದರೆ ಸ್ವರ ಒರಟಾಗುತ್ತದೆ. ಕೆಳಗಿನ ಒಂದೇ ಸ್ವರವನ್ನು ಲಾರಿ ಹಾರ್ನಿನಂತೆ ಮತ್ತೆ ಮತ್ತೆ ಕುಟ್ಟುವುದು, ಒಮ್ಮೆಲೇ ಚೀರುವ ಮೇಲಿನ ಸ್ವರಕ್ಕೆ ಜಿಗಿಯುವುದು, ಇದೇ ಅವರ ವರಸೆ. 1942ರಲ್ಲಿ ಲಯನೆಲ್ ಹ್ಯಾಂಪ್ಟನ್ನನ ದೊಡ್ಡ ಮೇಳದಲ್ಲಿದ್ದಾಗಲೇ ಇಲಿನಾಯ್ ಜಾಕೆ ‘ಫ್ಲೈಯಿಂಗ್ ಹೋಮ್’ ಪ್ಲೇಟಿನಲ್ಲಿ ಇದರ ದಾರಿ ತೋರಿಸಿದ್ದ. 1949ರಲ್ಲಿ ಪಾಲ್ ವಿಲಿಯಮ್ಸನ ‘ಹಕಲ್‌ಬಕ್’ 14 ವಾರ ಮೊದಲ ಸ್ಥಾನದಲ್ಲಿತ್ತು. ಬಿಗ್ ಜೇ ಮ್ಯಾಕ್‌ನೀಲಿಯ ‘ಡೀಕನ್ಸ್ ಹಾಪ್’ ಕೂಡ ಅದೇ ವರ್ಷ ಮೊದಲ ಸ್ಥಾನಕ್ಕೇರಿತು. ಈತ ವೇದಿಕೆಯ ಮೇಲೆ ಅಂಗಾತ ಮಲಗಿಯೂ ಊದುತ್ತಿದ್ದ. ಮೂರು ನಿಮಿಷದ ಪ್ಲೇಟು, ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಬೇಕು. ಕೇಳಿದರೆ ಕೋಣೆಯ ಸೆಕೆಯೂ ತಟ್ಟಿದಂತಾಗುತ್ತದೆ. ಶಾಂತರಸ ಬಯಸುವವರಿಗೆ ಇದು ಹಿಡಿಸಲಿಕ್ಕಿಲ್ಲ, ನನಗಂತೂ ಹಿಡಿಸಿದೆ.

ಆ ಪ್ಲೇಟುಗಳಿಗೂ ನಮ್ಮ ದೇಶಕ್ಕೂ ನಂಟುಂಟು. ಅವು ತಯಾರಾಗುತ್ತಿದ್ದುದು ಅರಗಿನಿಂದ, ಅರಗು ಹೋಗುತ್ತಿದ್ದುದು ಬಹುಪಾಲು ಛೋಟಾ ನಾಗಪುರದ ಕಾಡುಗಳಿಂದ. ಯುದ್ಧದಲ್ಲಿ ಅರಗು ಸಿಗದೆ, ಹಳೆಯ ಪ್ಲೇಟು ತಂದುಕೊಡಿರೆಂದು ಕಂಪನಿಗಳು ಗಿರಾಕಿಗಳನ್ನು ಕೇಳಿಕೊಂಡವು. ಅರಗೆಂದರೆ ಕೀಟಗಳ ಹಿಂಸೆಯಿಂದ ಬರುವ ಮಾಲು. ಶ್ರಾವಕರು ಬಿಡಬೇಕೆಂದು ಹೇಳಿದ 15 ಬಗೆಯ ವ್ಯಾಪಾರಗಳಲ್ಲಿ ಲಾಕ್ಷಾ ವಾಣಿಜ್ಯವೂ ಒಂದು. 1948ರ ನಂತರ ಪ್ಲಾಸ್ಟಿಕ್ ಜಾತಿಯ ವಿನೈಲ್ ಕ್ರಮೇಣ ಅದರ ಜಾಗಕ್ಕೆ ಬಂತು.

ಇನ್ನು ಲೆಕ್ಕದ ಮಾತು. ಈ ಪ್ಲೇಟುಗಳಲ್ಲಿ ಬಹಳಷ್ಟನ್ನು ಮಾರಿದವರು ಸಣ್ಣ ಬಂಡವಾಳದ ಕಂಪನಿಗಳವರು. ದೊಡ್ಡವರು ಕಡೆಗಣಿಸಿದ ಗಿರಾಕಿಯನ್ನು ಇವರು ಗುರುತಿಸಿದರು. ಅದು ವ್ಯಾಪಾರದ ಜಾಣತನ, ಒಪ್ಪಬೇಕು. ಆದರೆ ಸ್ಯಾಕ್ಸೋಫೋನ್ ಊದಿದವನಿಗೆ ಸಾಮಾನ್ಯವಾಗಿ ಒಂದು ಸಲದ ಕೂಲಿ ಅಷ್ಟೇ. ಹಾಡಿದವರ ಹೆಸರಿಗೆ ಧ್ವನಿಮುದ್ರಣದ ಖರ್ಚನ್ನೂ ಬರೆಯುವ ಪದ್ಧತಿ. ಹೀಗಾಗಿ ಪ್ಲೇಟು ಎಷ್ಟೇ ಓಡಿದರೂ ಖಾತೆಯಲ್ಲಿ ಬಾಕಿ! ಅಟ್ಲಾಂಟಿಕ್ ಕಂಪನಿಯನ್ನು ಬೆಳೆಸಿದ ಗಾಯಕಿ ರೂತ್ ಬ್ರೌನ್ 1960ರ ದಶಕದಲ್ಲಿ ಮನೆಗೆಲಸ ಮಾಡಿ, ಶಾಲೆಯ ಬಸ್ಸು ಓಡಿಸಿ ಮಕ್ಕಳನ್ನು ಸಾಕಿದರು. ಆಮೇಲೆ ವಕೀಲರ ಸಹಾಯದಿಂದ ಲೆಕ್ಕ ಕೇಳಿದರು. 1988ರಲ್ಲಿ ಕಂಪನಿ ಹಳೆಯ ಬಾಕಿ ಮನ್ನಾ ಮಾಡಿ, ಅವರಿಗೂ ಇತರ ಕೆಲವರಿಗೂ ಹಣ ಕೊಟ್ಟಿತು. ಹಳೆಯ ಕಲಾವಿದರ ನೆರವಿಗೆಂದು ಒಂದು ನಿಧಿಯೂ ಆಯಿತು. ನಮ್ಮ ಅಚೌರ್ಯ ವ್ರತದಲ್ಲಿ ತೂಕ ಅಳತೆಯ ಮೋಸವೂ ಅತಿಚಾರವೇ. ಖಾತೆ ಬರೆಯುವ ಕೈಗೂ ಅದು ಅನ್ವಯಿಸುತ್ತದೆಂದು ನನ್ನ ಎಣಿಕೆ.

ಮ್ಯಾಕ್‌ನೀಲಿ ಕೂಡ ಸಂಗೀತ ಬಿಟ್ಟು ಕೆಲವು ವರ್ಷ ಅಂಚೆಯವನಾಗಿ ಮನೆಮನೆಗೆ ಪತ್ರ ಹಂಚಿದ. 1980ರ ದಶಕದಲ್ಲಿ ಮತ್ತೆ ಸ್ಯಾಕ್ಸೋಫೋನ್ ಹಿಡಿದು ವೇದಿಕೆ ಹತ್ತಿದ. 2018ರಲ್ಲಿ ತೀರಿಕೊಂಡಾಗ ಅವನಿಗೆ 91 ವರ್ಷ.