ಸಿಂಗಳೀಕನ ಕಾಡು ಯಾರಿಗಾಗಿ?

“ಮಂಗನಿಗೆ ಕಾಡು ಬಿಟ್ಟುಕೊಟ್ಟರೆ ಮನುಷ್ಯ ಎಲ್ಲಿಗೆ ಹೋಗಬೇಕು?” ಶರಾವತಿ ಕಣಿವೆಯಲ್ಲಿ ಅಭಯಾರಣ್ಯದ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಕೇಳುವವರಲ್ಲಿ ಎರಡು ಬಗೆ. ಹಕ್ಕುಪತ್ರವಿಲ್ಲದೆ ಆತಂಕದಲ್ಲಿರುವ ರೈತರು ಒಂದು ಬಗೆ. ಅವರ ಆತಂಕಕ್ಕೆ ಕಾರಣವಿದೆ. ಆ ಆತಂಕವನ್ನೇ ಮುಂದೊಡ್ಡಿ ಕಾಡನ್ನು ಯೋಜನೆಗಳಿಗೆ ಬಿಡಿಸಿಕೊಳ್ಳಬಯಸುವವರು ಇನ್ನೊಂದು ಬಗೆ.

2019ರಲ್ಲಿ ಶರಾವತಿ ಕಣಿವೆ ವನ್ಯಜೀವಿಧಾಮ, ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಹಾಗೂ ಕೆಲವು ಮೀಸಲು ಅರಣ್ಯಗಳು ಸೇರಿ ಸುಮಾರು 930 ಚದರ ಕಿಲೋಮೀಟರ್ ವಿಸ್ತಾರದ ಅಭಯಾರಣ್ಯವಾದವು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಸಿಂಹಬಾಲದ ಸಿಂಗಳೀಕನಿಗೆ ಜಗತ್ತಿನಲ್ಲಿ ಬೇರೆ ನೆಲೆಯಿಲ್ಲ. ಅಪರೂಪಕ್ಕೆ ನೆಲಕ್ಕಿಳಿಯುವ ಈ ಪ್ರಾಣಿಗೆ ಕೊಂಬೆಗೆ ಕೊಂಬೆ ತಾಗಿದ ನಿತ್ಯಹರಿದ್ವರ್ಣ ಕಾಡೇ ದಾರಿ. ಸಿಂಗಳೀಕ ನೆಲೆಸಿರುವಲ್ಲಿ ಕಾಡಿನ ಚಪ್ಪರ ಹರಿದಿಲ್ಲವೆಂದೇ ತಿಳಿಯಬೇಕು. ಅದರ ಲಾಭ ತಗ್ಗಿನ ಗದ್ದೆ, ತೋಟಗಳಿಗೂ ಸಲ್ಲುತ್ತದೆ.

ಘಟ್ಟದ ಮಳೆ ಹೆಚ್ಚುಕಡಿಮೆ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಅಡಿಕೆ ತೋಟಕ್ಕೆ ನೀರು ಬೇಕಾಗುವುದು ಬೇಸಿಗೆಯಲ್ಲಿ. ಈ ಅಂತರವನ್ನು ತುಂಬಿಕೊಡುವುದು ಕಾಡು. ದರಕು ಹೊದ್ದ ನೆಲ ಮಳೆಯ ಹೊಡೆತವನ್ನು ತಡೆಯುತ್ತದೆ. ಬೇರು, ಗೆದ್ದಲು, ಎರೆಹುಳುಗಳು ಮಾಡಿದ ರಂಧ್ರಗಳ ಮೂಲಕ ಆಳಕ್ಕಿಳಿದ ನೀರು ಒರತೆಯಾಗಿ ನಿಧಾನವಾಗಿ ಹೊರಬರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಈ ಕಣಿವೆಯಲ್ಲಿ ನಡೆಸಿದ ಅಧ್ಯಯನಗಳು ಇದನ್ನು ದೃಢಪಡಿಸಿವೆ. ಸ್ಥಳೀಯ ಜಾತಿಯ ಮರಗಳ ಕಾಡು ಉಳಿದಲ್ಲಿ ಹಳ್ಳ ವರ್ಷವಿಡೀ ಹರಿಯುತ್ತದೆ. ಏಕಜಾತಿಯ ನೆಡುತೋಪು ಬಂದಲ್ಲಿ, ಕಾಡು ಹಾಳಾದಲ್ಲಿ, ಬೇಸಿಗೆಗೆ ಮುನ್ನವೇ ಬತ್ತುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳು, ಅಂದರೆ ಕೆಸರಿನಿಂದ ಬೇರುಗಳು ಮೇಲೆದ್ದು ಉಸಿರಾಡುವ ಜೌಗು ಕಾಡುಗಳು, ಇಂಥ ನೀರಿನ ಹಳೆಯ ಭಂಡಾರಗಳು. ಉಪ್ಪಾಗೆ ಸಿಂಗಳೀಕನಿಗೆ ಆಹಾರ. ಅದನ್ನು ಕೊಯ್ದು ಒಣಗಿಸುವ ಕುಟುಂಬಗಳಿಗೆ ಮಳೆಗಾಲದ ವರಮಾನ.

ಇಂಥ ಕಾಡಿನ ನಡುವೆ, ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳನ್ನು ಸುರಂಗದಿಂದ ಜೋಡಿಸಿ 2000 ಮೆಗಾವ್ಯಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಘಟಕ ಕಟ್ಟುವ ಪ್ರಸ್ತಾವವನ್ನು ಸರಕಾರ ಮುಂದಿಟ್ಟಿತು. ಅದಕ್ಕೆ ಬೇಕೆಂದು ಗುರುತಿಸಿದ್ದು ಸುಮಾರು 54 ಹೆಕ್ಟೇರ್ ಅರಣ್ಯ. 930 ಚದರ ಕಿಲೋಮೀಟರಿನಲ್ಲಿ ಇದೆಷ್ಟು ಎಂಬ ವಾದವುಂಟು. ಆದರೆ ಚಪ್ಪರ ಹರಿಯಲು ಇಡೀ ಕಾಡನ್ನು ಕಡಿಯಬೇಕಿಲ್ಲ. ಒಂದು ಅಗಲ ರಸ್ತೆ ಸಾಕು, ಸಿಂಗಳೀಕನ ಗುಂಪುಗಳು ಬೇರೆಬೇರೆಯಾಗುತ್ತವೆ. ಮೇಲಾಗಿ ಇದು ಹೊಸದಾಗಿ ವಿದ್ಯುತ್ ಕೊಡುವ ಯೋಜನೆಯೂ ಅಲ್ಲ. ನೀರನ್ನು ಮೇಲೆತ್ತಲು ತಗಲುವ ವಿದ್ಯುತ್ತು, ಅದು ಇಳಿದಾಗ ಸಿಗುವುದಕ್ಕಿಂತ ಹೆಚ್ಚು. ಸೌರ ಮತ್ತು ಪವನ ವಿದ್ಯುತ್ತನ್ನು ಕೂಡಿಡುವ ವ್ಯವಸ್ಥೆ ನಾಡಿಗೆ ಬೇಕು, ನಿಜ. ಅದು ಅಭಯಾರಣ್ಯದ ಒಳಗೇ ಆಗಬೇಕೆಂಬ ಹಟವೇಕೆ?

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಮನೆ, ಗದ್ದೆ ಕಳೆದುಕೊಂಡವರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆಯುತ್ತ ಬಂದಿದ್ದಾರೆ. ಅರಣ್ಯ ಕಾಯಿದೆ ಎಂಬ ಕಾರಣಕ್ಕೆ ಅವರ ಅರ್ಜಿ ಮೇಜಿನಿಂದ ಮೇಜಿಗೆ ಹೋಗುತ್ತದೆ. ಅದೇ ಕಾಯಿದೆ ಬೃಹತ್ ಯೋಜನೆಯೆದುರು ಸಡಿಲವಾಗುವುದಾದರೆ, ರೈತ ಅಭಯಾರಣ್ಯವನ್ನು ಶತ್ರುವೆಂದು ಕಂಡರೆ ತಪ್ಪು ಯಾರದು?

ಮಲೆನಾಡಿನ ರೈತ ಹೋರಾಡಬೇಕಾದುದು ಸಿಂಗಳೀಕನ ವಿರುದ್ಧವಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಡಿ ವೈಯಕ್ತಿಕ ಮತ್ತು ಸಾಮುದಾಯಿಕ ಹಕ್ಕುಗಳು ಇತ್ಯರ್ಥವಾಗಲಿ; ಸೊಪ್ಪಿನಬೆಟ್ಟದ ಸವಲತ್ತು ಉಳಿಯಲಿ; ವನ್ಯಪ್ರಾಣಿಗಳಿಂದಾದ ಬೆಳೆನಷ್ಟಕ್ಕೆ ಸಕಾಲದಲ್ಲಿ ಪರಿಹಾರ ಸಿಗಲಿ; ಅಭಯಾರಣ್ಯದೊಳಗಿನ ಸುರಂಗದ ಪ್ರಸ್ತಾವವನ್ನು ಕೈಬಿಡಲಿ. ಗ್ರಾಮಸಭೆಗಳು ಈ ನಾಲ್ಕನ್ನೂ ಒಂದೇ ಠರಾವಿನಲ್ಲಿ ಬರೆಯಬೇಕು. ತಮ್ಮೂರಿನ ಹಳ್ಳ ಯಾವ ತಿಂಗಳಲ್ಲಿ ಬತ್ತುತ್ತದೆ, ಅದರ ನೆತ್ತಿಯ ಮೇಲೆ ಯಾವ ಕಾಡಿದೆ ಎಂಬುದನ್ನು ವಿದ್ಯಾರ್ಥಿಗಳು ವರ್ಷವರ್ಷವೂ ದಾಖಲಿಸಿ ಆ ಠರಾವಿಗೆ ಲಗತ್ತಿಸಲಿ.